ಹತ್ತಕ್ಕೆ ಹತ್ತು

ಶಾಲೆಯಲ್ಲಿ ನನ್ನ ಅಮ್ಮನಿಗೆ ಹದ್ದು ಮೇಡಂ ಎಂದು ಹೆಸರು. ಇಟ್ಟವರು ಮಕ್ಕಳು, ಆದರೆ ಬೆನ್ನ ಹಿಂದೆ ಉಳಿದ ಟೀಚರುಗಳೂ ಅದನ್ನೇ ಬಳಸುತ್ತಿದ್ದರು. ಪರೀಕ್ಷೆಯ ಹಾಲ್‌ನಲ್ಲಿ ಅವಳು ಕುರ್ಚಿಗೆ ಬೆನ್ನು ತಾಗಿಸಿದವಳೇ ಅಲ್ಲ. ರಬ್ಬರ್ ಚಪ್ಪಲಿ ಹಾಕಿಕೊಂಡು ಸದ್ದಿಲ್ಲದೆ ಬೆಂಚುಗಳ ನಡುವೆ ಓಡಾಡುತ್ತಿದ್ದಳು. ಎರಡು ಸಲ ಕೆಮ್ಮಿದರೆ ಎಷ್ಟನೇ ಉತ್ತರ, ಕಿವಿ ಕೆರೆದುಕೊಂಡರೆ ಏನರ್ಥ, ಸ್ಕೇಲಿನ ಹಿಂಬದಿಯಲ್ಲಿ ಏನು ಗೀಚಿದೆ, ಎಲ್ಲ ಅವಳಿಗೆ ಗೊತ್ತು. ನಕಲು ಮಾಡುವ ವಿದ್ಯೆಯಲ್ಲಿ ನಕಲು ಮಾಡುವವರಿಗಿಂತ ಅವಳೇ ಒಂದು ಕೈ ಮೇಲು.

ಒಂಬತ್ತನೇ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ನನ್ನ ಕಾಲ ಬುಡದಲ್ಲಿ ಒಂದು ಚೀಟಿ ಬಿದ್ದಿತ್ತು. ಹಿಂದಿನ ಬೆಂಚಿನ ಹುಡುಗಿಯದು. ಅಮ್ಮ ಅದನ್ನು ಎತ್ತಿಕೊಂಡಳು, ಬಿಡಿಸಿ ನೋಡಿದಳು, ನನ್ನನ್ನು ಎಬ್ಬಿಸಿ ಹೊರಗೆ ಕಳಿಸಿದಳು. ನನ್ನದಲ್ಲ ಅಂದೆ. ಮಗಳು ಅಂತ ಬಿಟ್ಟರೆ ನಾಳೆ ಬೇರೆಯವರ ಮಕ್ಕಳನ್ನು ಯಾವ ಮುಖ ಇಟ್ಟುಕೊಂಡು ಹಿಡಿಯಲಿ ಅಂದಳು. ಒಂದು ವರ್ಷ ಹೋಯಿತು. ನನ್ನ ಗೆಳತಿಯರೆಲ್ಲ ಮುಂದಿನ ತರಗತಿಗೆ ಹೋದರು, ನಾನು ಅದೇ ಬೆಂಚಿನಲ್ಲಿ ಅದೇ ಪಾಠವನ್ನು ಇನ್ನೊಮ್ಮೆ ಕೇಳಿದೆ. ಪಾಠ ಮಾಡಿದವಳೂ ಅಮ್ಮನೇ. ಆ ಸಿಟ್ಟು ನನಗೆ ಇನ್ನೂ ಇದೆ, ಮುಚ್ಚುಮರೆ ಏನಿಲ್ಲ.

ಅಪ್ಪ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ, ಹೊಲಿಯುವುದು ಹೆಚ್ಚಾಗಿ ಶಾಲೆಯ ಯೂನಿಫಾರಂ. ಕೆಲಸ ಮಾಡುವಾಗ ಬಾಯಿ ತುಂಬ ಗುಂಡುಸೂಜಿ, ಇಲ್ಲವೇ ಒಂದೆರಡು ಗುಂಡಿ. ಗಿರಾಕಿ ಬಂದು 'ಯಾವಾಗ ಕೊಡ್ತೀರಾ' ಎಂದು ಕೇಳಿದರೆ ಬಾಯಿ ಬಿಡುವ ಹಾಗಿಲ್ಲ, ಒಳಗಿನಿಂದ ಅಮ್ಮನೇ ಉತ್ತರ ಹೇಳಬೇಕು. ಹೀಗೆ ಶುರುವಾದದ್ದು ಕ್ರಮೇಣ ಅಭ್ಯಾಸವಾಯಿತು. ಬಾಯಲ್ಲಿ ಸೂಜಿ ಇಲ್ಲದಾಗಲೂ ಅವಳೇ ಹೇಳತೊಡಗಿದಳು. ಅಪ್ಪನಿಗೆ ಎಷ್ಟು ಅನ್ನ ಬೇಕು, ಅಪ್ಪನಿಗೆ ಯಾರ ಮೇಲೆ ಬೇಸರ, ಅಪ್ಪನಿಗೆ ಎಲ್ಲಿ ನೋವು, ಎಲ್ಲ ನಮಗೆ ಗೊತ್ತಾಗುತ್ತಿದ್ದುದು ಅಮ್ಮನ ಬಾಯಿಂದ. ಕತ್ತಿನಲ್ಲಿ ಗಂಟಾಗಿ ರಕ್ತದ ಕ್ಯಾನ್ಸರ್ ಎಂದು ತಿಳಿದ ದಿನವೂ ಡಾಕ್ಟರು 'ಸುಸ್ತು ಇದೆಯಾ?' ಎಂದು ಅಪ್ಪನನ್ನು ಕೇಳಿದರೆ, 'ಇದೆ, ಹೇಳ್ಕೊಳ್ಳಲ್ಲ' ಎಂದವಳು ಅಮ್ಮ.

ಎರಡು ಸುತ್ತು ಕೀಮೋ ಆಯಿತು, ರೋಗ ಹೋಯಿತು, ಮತ್ತೆ ಬಂತು. ಕೊನೆಗೆ ಉಳಿದದ್ದು ಇಮ್ಯುನೊಥೆರಪಿ. ಅಪ್ಪನ ರಕ್ತದಿಂದಲೇ ಒಂದು ಬಗೆಯ ಕಣಗಳನ್ನು ತೆಗೆದು, ಲ್ಯಾಬಿಗೆ ಕಳಿಸಿ, ಕ್ಯಾನ್ಸರನ್ನು ಗುರುತು ಹಿಡಿಯುವ ಹಾಗೆ ಅವನ್ನು ತಯಾರು ಮಾಡಿ, ಮತ್ತೆ ಅಪ್ಪನೊಳಗೇ ಬಿಡುತ್ತಾರೆ ಎಂದು ಡಾಕ್ಟರು ವಿವರಿಸಿದರು. ಅಮ್ಮನಿಗೆ ಇದು ಬಹಳ ಹಿಡಿಸಿತು.

"ಅಂದ್ರೆ ಹಾಸ್ಟೆಲ್‌ಗೆ ಹಾಕಿ ಓದಿಸಿ ಕಳಿಸ್ತಾರೆ" ಅಂದಳು. "ನಿಮ್ಮಪ್ಪನ ಮೈಯಲ್ಲಿ ಇವಾದ್ರೂ ವಿದ್ಯಾವಂತರಾಗ್ಲಿ."

ಕಣಗಳು ಓದು ಮುಗಿಸಿ ಒಂದು ಪುಟ್ಟ ಚೀಲದಲ್ಲಿ ವಾಪಸು ಬಂದವು. ಅವು ಅಪ್ಪನ ಮೈಗೆ ಇಳಿದು ಮುಗಿಯುವುದಕ್ಕೆ ನಾನು ಒಂದು ಕಪ್ ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಇಷ್ಟೇನಾ ಎಂದು ನಾನು ಕೇಳಿದ್ದಕ್ಕೆ ಡಾಕ್ಟರು, ಔಷಧಿ ಕೊಡೋದು ಸುಲಭ, ಆಮೇಲಿನದ್ದೇ ಕಷ್ಟ ಅಂದರು. ಜ್ವರ ಬರುತ್ತದೆ, ಬಿಪಿ ಇಳಿಯಬಹುದು. ಅದಾದ ಮೇಲೆ ಕೆಲವರಿಗೆ ಮೆದುಳಿಗೆ ತಾಗುತ್ತದೆ, ಮಾತು ತಡವರಿಸುತ್ತದೆ, ವಸ್ತುಗಳ ಹೆಸರು ಮರೆಯುತ್ತದೆ, ಅಕ್ಷರ ಕೆಡುತ್ತದೆ. ಬೇಗ ಗೊತ್ತಾದರೆ ಇಳಿಸಬಹುದು. ಗೊತ್ತಾಗಲೆಂದೇ ದಿನಕ್ಕೆ ಎರಡು ಸಲ ಸಿಸ್ಟರ್ ಬಂದು ಪ್ರಶ್ನೆ ಕೇಳುತ್ತಾರೆ. ಒಟ್ಟು ಹತ್ತು ಅಂಕ.

ಡಾಕ್ಟರು ಅಂಕ ಎಂಬ ಮಾತು ಆಡಬಾರದಿತ್ತು. ಅಮ್ಮ ಸೀರೆಯ ಮೇಲಿನ ಶಾಲೆಯ ಕೋಟು ಸರಿಮಾಡಿಕೊಂಡು ಕುರ್ಚಿಯಲ್ಲೇ ನೆಟ್ಟಗಾದಳು.

ಮೊದಲ ಪರೀಕ್ಷೆಯಲ್ಲಿ ಅಪ್ಪನಿಗೆ ಹತ್ತಕ್ಕೆ ಹತ್ತು. ಇದು ಯಾವ ವರ್ಷ, ಯಾವ ತಿಂಗಳು, ಯಾವ ಊರು, ಯಾವ ಆಸ್ಪತ್ರೆ. ಸಿಸ್ಟರ್ ಪೆನ್ನು, ಗಡಿಯಾರ, ಗುಂಡಿ ತೋರಿಸಿ ಇದೇನು, ಇದೇನು ಎಂದರು. ನಾಲಿಗೆ ಚಾಚಿ ಅಂದರು. ನೂರರಿಂದ ಹತ್ತು ಹತ್ತು ಕಳೆಯುತ್ತಾ ಹಿಂದಕ್ಕೆ ಎಣಿಸಿ ಅಂದರು. ಅಪ್ಪ ಎಲ್ಲಕ್ಕೂ ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟ. ಕೊನೆಯದು, ನಿಮಗೆ ತೋಚಿದ ಒಂದು ವಾಕ್ಯ ಬರೆಯಿರಿ. ಅಪ್ಪ ಸುತ್ತ ನೋಡಿ, 'ಈ ದಿಂಬಿನ ಕವರಿನ ಹೊಲಿಗೆ ಸರಿಯಿಲ್ಲ' ಎಂದು ಬರೆದ.

ಅಮ್ಮನಿಗೆ ಅವಮಾನವಾಯಿತು. "ಉಂಡ ಮನೆಗೆ ಎರಡು ಬಗೆಯೋ ಹಾಗೆ, ಇದೇನ್ರೀ ಬರೆಯೋದು? ನಾಳೆಯಿಂದ 'ನಾನು ಚೆನ್ನಾಗಿದ್ದೇನೆ' ಅಂತ ಬರೀರಿ."

ಅಪ್ಪ ಮರುದಿನದಿಂದ ಅದನ್ನೇ ಬರೆದ.

ಜ್ವರ ಬಂತು. ನಾವು ಹೌಹಾರಿದೆವು, ಡಾಕ್ಟರು ಮಾತ್ರ ಮಗಳ ಮದುವೆ ಗೊತ್ತಾದವರ ಹಾಗೆ ಮುಖ ಅರಳಿಸಿಕೊಂಡು ಬಂದರು. ಕಣಗಳು ಕೆಲಸಕ್ಕೆ ಇಳಿದಿವೆ, ಅದರ ಕಾವು ಇದು ಅಂದರು. ಅಪ್ಪ ಹಲ್ಲು ಕಟಕಟ ಅನ್ನುತ್ತಾ ನಡುಗುತ್ತಿದ್ದ. ಹುಟ್ಟಿದಾಗಿನಿಂದ ಜ್ವರ ಬಂದರೆ ಬೈಸಿಕೊಂಡ ನಮಗೆ, ಜ್ವರಕ್ಕೆ ಸಂತೋಷಪಡುವವರನ್ನು ನೋಡಿ ಏನು ಮುಖ ಮಾಡಬೇಕೆಂದೇ ತಿಳಿಯಲಿಲ್ಲ. ಬಿಪಿ ಇಳಿದಾಗ ಒಂದು ಇಂಜೆಕ್ಷನ್ ಕೊಟ್ಟರು. ಜ್ವರ ಬಿಟ್ಟಿತು. ಅಪ್ಪ ಗಂಜಿ ಕುಡಿದ. ಗಂಡಾಂತರ ಕಳೆಯಿತು ಎಂದುಕೊಂಡು ನಾನು ಕೆಲಸಕ್ಕೆ ಮರಳಿದೆ, ಸಂಜೆ ಹೊತ್ತು ಮಾತ್ರ ಬಂದು ಹೋಗುತ್ತಿದ್ದೆ.

ನನ್ನ ಕೆಲಸ ಕನ್ನಡಕದ ಅಂಗಡಿಯಲ್ಲಿ. ಅಲ್ಲೂ ಒಂದು ಪರೀಕ್ಷೆ ಇದೆ, ಗೋಡೆಯ ಮೇಲಿನ ಅಕ್ಷರ ಓದುವುದು. ಸರದಿಗೆ ಕಾಯುವಾಗಲೇ ಆ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಬಂದು ಗಡಗಡ ಒಪ್ಪಿಸಿ, ನನ್ನ ಕಣ್ಣು ಸರಿಯಿದೆ ಎಂದು ಗೆದ್ದವರ ಹಾಗೆ ಎದ್ದು ಹೋಗುವವರು ಎಷ್ಟೋ ಜನ. ಹೊರಗೆ ಹೋಗುವಾಗ ಗಾಜಿನ ಬಾಗಿಲಿಗೆ ಹಣೆ ಬಡಿಸಿಕೊಳ್ಳುತ್ತಾರೆ. ಅವರನ್ನು ನೋಡಿ ನಾನು ನಗುತ್ತಿದ್ದೆ.

ನಾನಿಲ್ಲದ ಹಗಲುಗಳಲ್ಲಿ ಅಮ್ಮ ಕಾರಿಡಾರಿನಲ್ಲಿ ಒಬ್ಬ ಪಂಡಿತನನ್ನು ಸಂಪಾದಿಸಿಕೊಂಡಿದ್ದಳು. ಪಕ್ಕದ ಕೋಣೆಯ ರೋಗಿಯ ಭಾವ. ಭಾಮೈದುನನಿಗೆ ಕಾಯಿಲೆ ಬಂದ ಮೇಲೆ ಈತ ಅರ್ಧ ಡಾಕ್ಟರಾಗಿದ್ದ, ಉಳಿದ ಅರ್ಧವನ್ನು ಮೊಬೈಲ್ ತುಂಬಿಕೊಟ್ಟಿತ್ತು. "ಹತ್ತರಲ್ಲಿ ಮಾರ್ಕ್ಸ್ ಕಮ್ಮಿ ಆದ್ರೆ ಸ್ಟೀರಾಯ್ಡ್ ಕೊಡ್ತಾರೆ ಮೇಡಂ. ಸ್ಟೀರಾಯ್ಡ್ ಕೊಟ್ರೆ ಕಥೆ ಮುಗೀತು, ಒಳಗೆ ಬಿಟ್ಟ ಕಣ ಎಲ್ಲ ಸತ್ತೋಗುತ್ತೆ. ಇಷ್ಟು ದಿನದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ" ಅಂದಿದ್ದನಂತೆ. ಇದು ನನಗೆ ಆಮೇಲೆ ಗೊತ್ತಾದದ್ದು. ಅಮ್ಮ ಜೀವಮಾನವಿಡೀ ಮಕ್ಕಳಿಗೆ ಕೇಳಿದ್ದನ್ನೆಲ್ಲ ನಂಬಬೇಡಿ ಎಂದು ಹೇಳಿಕೊಟ್ಟವಳು. ಅವಳು ನಂಬಿದಳು.

ಆ ಸಂಜೆ ನಾನು ಹೋದಾಗ ಅಮ್ಮ ಸ್ನಾನಕ್ಕೆ ಹೊರಟಳು. "ನಿಮ್ಮಪ್ಪ ಬೆಳಗ್ಗೆನೂ ಫುಲ್ ಮಾರ್ಕ್ಸ್" ಎಂದು ಹೇಳಿ ಹೋದಳು. ಅಪ್ಪ ದಿಂಬಿಗೆ ಒರಗಿ ಕೂತಿದ್ದ. ಮಾತಿಲ್ಲ, ಆದರೆ ಅಪ್ಪನಿಗೆ ಮಾತಿಲ್ಲದ್ದನ್ನು ಯಾರು ವಿಶೇಷ ಎಂದುಕೊಳ್ಳುತ್ತಾರೆ? ಅಂಗಡಿಯಲ್ಲಿ ತೊಡುವ ನನ್ನ ಕೋಟಿನ ತೋಳಿನಲ್ಲಿ ಒಂದು ಗುಂಡಿ ದಾರಕ್ಕೆ ನೇತಾಡುತ್ತಿತ್ತು. ಅಪ್ಪನ ಕಣ್ಣು ಅಲ್ಲೇ ನೆಟ್ಟಿತು. ಶುರುವಾಯಿತು, ಇನ್ನು ಸೂಜಿದಾರ ತಾ ಅನ್ನುತ್ತಾನೆ ಎಂದುಕೊಂಡೆ. ಅಪ್ಪ ಬೆರಳಿನಲ್ಲಿ ದಾರ ಸುತ್ತಿ ಪಟ್ಟನೆ ಕಿತ್ತು ಗುಂಡಿಯನ್ನು ಬಾಯಿಗೆ ಹಾಕಿಕೊಂಡ. ಅದೂ ಹೊಸದಲ್ಲ, ಎಂದಿನ ಅಭ್ಯಾಸ. ನನಗೆ ಮನೆಗೇ ಬಂದಷ್ಟು ಹಿತವಾಯಿತು.

ಆಮೇಲೆ ಅಪ್ಪ ನೀರಿನ ಜಗ್ಗಿನ ಕಡೆ ಕೈ ತೋರಿಸಿದ. ಲೋಟ ಕೊಟ್ಟೆ. ಒಂದು ಗುಟುಕು ಬಾಯಿಗೆ ಹುಯ್ದುಕೊಂಡು, ಮಾತ್ರೆ ನುಂಗುವವರ ಹಾಗೆ ತಲೆ ಹಿಂದಕ್ಕೆ ಎಸೆದ.

ನಾನು ಹೇಗೆ ಅವನ ದವಡೆ ಹಿಡಿದೆ, ಹೇಗೆ ಬೆರಳು ಹಾಕಿ ಗುಂಡಿ ತೆಗೆದೆ, ನನಗೇ ತಿಳಿಯದು. ಅಂಗೈಯಲ್ಲಿ ಗುಂಡಿ ಇಟ್ಟು ತೋರಿಸಿದೆ.

"ಅಪ್ಪಾ, ಇದೇನು?"

ಅಪ್ಪ ಅದನ್ನು ಬಹಳ ಹೊತ್ತು ನೋಡಿದ. ಜೀವನದಲ್ಲಿ ಲಕ್ಷ ಗುಂಡಿ ಹಚ್ಚಿದ ಮನುಷ್ಯ.

"ಬೆಳಗ್ಗೆದು" ಅಂದ. "ಬೆಳಗ್ಗೆ... ಬೆಳಗ್ಗೆದು."

ಅಷ್ಟರಲ್ಲಿ ಅಮ್ಮ ಬಂದಳು, ಅವಳ ಬೆನ್ನಿಗೇ ಪ್ರಶ್ನೆ ಕೇಳುವ ಸಿಸ್ಟರ್ ಕೂಡ ಬಂದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ತನ್ನ ಜಾಗ ಹಿಡಿದಾಗಿತ್ತು. ಸಿಸ್ಟರ್ ಅಪ್ಪನ ಎದುರು, ಅಮ್ಮ ಸಿಸ್ಟರ್ ಹೆಗಲ ಹಿಂದೆ. ಎಲ್ಲರ ಮುಖಕ್ಕೂ ಮಾಸ್ಕ್, ಯಾರ ತುಟಿ ಅಲ್ಲಾಡುತ್ತಿದೆ ಎಂದು ದೇವರಿಗೂ ಕಾಣದು.

"ಅಂಕಲ್, ಇದು ಯಾವ ತಿಂಗಳು?"

ಅಮ್ಮ ಸಣ್ಣಗೆ ಕೆಮ್ಮಿದಳು. ಕೆಮ್ಮಿನೊಳಗೆ ತಿಂಗಳ ಹೆಸರಿತ್ತು. ಅಪ್ಪ ಹೇಳಿದ. ಸಿಸ್ಟರ್ ಪೆನ್ನು ಎತ್ತಿದರು, ಅಮ್ಮ ಗಾಳಿಯಲ್ಲಿ ಬರೆದು ತೋರಿಸಿದಳು. ಗಡಿಯಾರಕ್ಕೆ ತನ್ನ ಮಣಿಕಟ್ಟು ಮುಟ್ಟಿಕೊಂಡಳು. ನೂರರಿಂದ ಹಿಂದಕ್ಕೆ ಎಣಿಸುವಾಗ ಹತ್ತೂ ಬೆರಳು ಎತ್ತಿ ಒಂದೊಂದಾಗಿ ಮಡಚಿದಳು. ಅಪ್ಪನ ಕಣ್ಣು ಸಿಸ್ಟರ್ ಮೇಲೆ ಇರಲೇ ಇಲ್ಲ. ಬರೆಯುವ ಹೊತ್ತಿಗೆ ಅವಳು ಮುಂದೆ ಬಂದು, "ಸೂಜಿ ಚುಚ್ಚಿದ ಕೈ ಸಿಸ್ಟರ್, ನೋವಾಗುತ್ತೆ" ಎಂದು ಅಪ್ಪನ ಕೈ ಹಿಡಿದಳು. ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸುವ ಹಾಗೆ, 'ನಾನು' ಎಂದು ಶುರು ಮಾಡಿಸಿದಳು. ನಾಲ್ಕು ಕೋಣೆ ಓಡಾಡಿ ಸುಸ್ತಾಗಿದ್ದ ಸಿಸ್ಟರ್ ತಲೆಯಾಡಿಸಿದರು.

ನಾನು ಗೋಡೆಗೆ ಒರಗಿ ನೋಡುತ್ತಿದ್ದೆ. ಹೆದರಿಕೆಯಾಗಿತ್ತು, ನಿಜ. ಅದರ ನಡುವೆಯೂ ಒಂದು ಕ್ಷಣ ಬೆರಗಾಯಿತು. ಇಷ್ಟು ವರ್ಷ ಹಿಡಿದು ಹಿಡಿದು ಹೊರಗೆ ಕಳಿಸಿದ ಅಷ್ಟೂ ಮಕ್ಕಳ ಕಸುಬು ಅವಳ ಕೈಯಲ್ಲಿ ಮೈಗೂಡಿತ್ತು.

"ಸಿಸ್ಟರ್" ಅಂದೆ. "ಅಮ್ಮ ಹೇಳಿಕೊಡ್ತಿದ್ದಾಳೆ. ಅವಳನ್ನ ಹೊರಗೆ ಕಳಿಸಿ ಇನ್ನೊಂದ್ಸಲ ಕೇಳಿ."

ಅಮ್ಮ ಅಪ್ಪನ ಕೈ ಬಿಡಲಿಲ್ಲ.

"ಅವಳ ಮಾತು ಕೇಳ್ಬೇಡಿ ಸಿಸ್ಟರ್. ಅವಳಿಗೆ ನನ್ನ ಮೇಲೆ ಹಳೇ ಸಿಟ್ಟು. ಇವತ್ತು ತೀರಿಸ್ಕೊಳ್ತಿದ್ದಾಳೆ."

"ಹೌದಮ್ಮ, ಸಿಟ್ಟಿದೆ. ಆದ್ರೆ ಅಪ್ಪ ಈಗ ಗುಂಡಿಯನ್ನ ಮಾತ್ರೆ ಅಂತ ನುಂಗೋಕೆ ಹೋದ್ರು." ಅಂಗೈ ಬಿಡಿಸಿ ತೋರಿಸಿದೆ. ಗುಂಡಿ ಇನ್ನೂ ಒದ್ದೆಯಾಗಿತ್ತು.

ಸಿಸ್ಟರ್ ಗುಂಡಿ ನೋಡಿದರು, ಅಪ್ಪನನ್ನು ನೋಡಿದರು. ಅವರ ಸುಸ್ತು ಎಲ್ಲಿ ಹೋಯಿತೋ. "ಮೇಡಂ, ನೀವು ಹೊರಗೆ ಹೋಗಿ" ಅಂದರು. ಅಮ್ಮನಿಗೆ ಆ ಮಾತನ್ನು ಹೇಳಿ ಗೊತ್ತೇ ಹೊರತು ಕೇಳಿ ಗೊತ್ತಿರಲಿಲ್ಲ. ಬಾಗಿಲು ಯಾವ ಕಡೆ ಎಂದೇ ಮರೆತವಳ ಹಾಗೆ ನಿಂತಳು, ನಾನೇ ತೋಳು ಹಿಡಿದು ಹೊರಗೆ ಬಿಟ್ಟು ಬಂದೆ.

ಅಮ್ಮನಿಲ್ಲದೆ ಅಪ್ಪನಿಗೆ ಬಂದದ್ದು ಮೂರು ಅಂಕ. ಊರಿನ ಹೆಸರು ಹೇಳಿದ, ಸಿಸ್ಟರ್ ನಾಲಿಗೆ ಚಾಚಿ ಅಂದಾಗ ಚಾಚಿದ, ಪೆನ್ನಿಗೆ ಪೆನ್ನು ಅಂದ. ಗಡಿಯಾರಕ್ಕೂ ಪೆನ್ನು ಅಂದ, ಗುಂಡಿಗೂ ಪೆನ್ನು ಅಂದ. ನೂರು, ತೊಂಬತ್ತು, ತೊಂಬತ್ತು, ತೊಂಬತ್ತು. ಬರೆಯಲು ಕೊಟ್ಟರೆ ಕಾಗದದ ಮೇಲೆ ಒಂದೇ ಗೀಟು, ಅದೂ ಅಂಚು ದಾಟಿ ಹಾಸಿಗೆಯ ಮೇಲೆ ಹೋಯಿತು. ನಡುನಡುವೆ ಬಾಗಿಲ ಕಡೆ ನೋಡುತ್ತಿದ್ದ. ನನಗೆ ಅಳು ಬಂತು.

ಡಾಕ್ಟರು ಓಡಿ ಬಂದರು. ಅಪ್ಪನನ್ನು ಐಸಿಯುಗೆ ಸಾಗಿಸಿದರು, ಸ್ಟೀರಾಯ್ಡ್ ಶುರುವಾಯಿತು. ನಾನು ಆ ಪಂಡಿತನ ಮಾತನ್ನು ಡಾಕ್ಟರಿಗೆ ಹೇಳಿ ಕೇಳಿದ್ದು ಆಗಲೇ, ಅಮ್ಮ ಅಳುತ್ತಾ ಅದನ್ನೆಲ್ಲ ಹೊರಹಾಕಿದ ಮೇಲೆ. ಡಾಕ್ಟರು ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು.

"ಬೇಕಾದಾಗ ಬೇಕಾದಷ್ಟೇ ಕೊಡ್ತೀವಿ ಮೇಡಂ. ಅದರಿಂದ ಚಿಕಿತ್ಸೆ ಹಾಳಾಗುತ್ತೆ ಅಂತ ಹೆದರಬೇಡಿ. ಮೆದುಳಿಗೆ ಊತ ಬಂದಿದ್ದು ಗೊತ್ತಾಗದೆ ಇದ್ರೆ, ಅದಕ್ಕೆ ಹೆದರಬೇಕು. ಈ ಪರೀಕ್ಷೆ ಪಾಸ್ ಮಾಡ್ಸೋಕಲ್ಲ, ಫೇಲ್ ಆಗಿದ್ದು ಕಂಡುಹಿಡಿಯೋಕೆ."

ಐಸಿಯು ಹೊರಗಿನ ಬೆಂಚಿನಲ್ಲಿ ಅಮ್ಮ, ಕ್ಲಾಸಿನಿಂದ ಹೊರಗೆ ಹಾಕಿಸಿಕೊಂಡ ಹುಡುಗಿಯ ಹಾಗೆ ಮೊಣಕಾಲ ಮೇಲೆ ಕೈಯಿಟ್ಟು ಕೂತಳು. ಅವಳಿಗೆ ಹೇಳಬೇಕು ಎಂದು ವರ್ಷಗಟ್ಟಲೆ ಮನಸ್ಸಿನಲ್ಲಿ ಹದ ಮಾಡಿ ಇಟ್ಟುಕೊಂಡ ಮಾತುಗಳು ನನ್ನಲ್ಲಿ ಬೇಕಾದಷ್ಟಿದ್ದವು. ಈಗ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಅವನ್ನೆಲ್ಲ ಹಾಗೇ ಬಿಟ್ಟು ಪಕ್ಕದಲ್ಲಿ ಕೂತೆ.

"ನಿಮ್ಮಪ್ಪ ಬೆಳಗ್ಗೆ ನನ್ನ ಮುಖ ನೋಡಿದ್ರು" ಅಂದಳು. "ಸಿಸ್ಟರ್ ಗಡಿಯಾರ ತೋರಿಸಿ ಇದೇನು ಅಂದಾಗ. ಅಂಗಡಿಯಲ್ಲಿ ಸೂಜಿ ಬಾಯಲ್ಲಿಟ್ಕೊಂಡು ನೋಡ್ತಿದ್ರಲ್ಲ, ಹಾಗೇ. ನೀನೇ ಹೇಳು ಅನ್ನೋ ಹಾಗೆ. ಬಾಯಿಂದ ಬಂದ್ಬಿಡ್ತು ಕಣೆ. ಆಮೇಲೆ ಬಿಡೋಕಾಗ್ಲಿಲ್ಲ."

ಇವತ್ತು ಬೆಳಗ್ಗೆಯಿಂದ ಅಪ್ಪನ ತಲೆಯೊಳಗೆ ಊತ ಏರುತ್ತಿತ್ತು, ಅಮ್ಮ ಮೇಲೆ ನಿಂತು ಅದಕ್ಕೆ ಪೂರ್ತಿ ಅಂಕ ಕೊಡಿಸಿದ್ದಳು.

"ಅವತ್ತು ಆ ಚೀಟಿ ನಿಂದಲ್ವಾ?" ಅಂದಳು ಇದ್ದಕ್ಕಿದ್ದ ಹಾಗೆ.

"ಅಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ, ಅಮ್ಮ."

ಅವಳು ಐಸಿಯು ಬಾಗಿಲನ್ನೇ ನೋಡುತ್ತಿದ್ದಳು. ನನ್ನ ಕೋಟಿನ ತೋಳಿನಲ್ಲಿ ಗುಂಡಿ ಇದ್ದ ಜಾಗವನ್ನು ಬೆರಳಿನಿಂದ ಸವರಿದಳು. ಕ್ಷಮಿಸು ಎಂಬ ಮಾತು ಅವಳ ಪಠ್ಯದಲ್ಲಿ ಇಲ್ಲ, ನಾನೂ ಕಾಯಲಿಲ್ಲ.

ಐಸಿಯುನಲ್ಲಿದ್ದಷ್ಟು ದಿನ ನಮ್ಮನ್ನು ದಿನಕ್ಕೊಂದು ಸಲ ಒಳಗೆ ಬಿಡುತ್ತಿದ್ದರು. ಒಂದು ದಿನ ಅಪ್ಪ ಕಣ್ಣು ಬಿಡಲೇ ಇಲ್ಲ. ಅಮ್ಮ ಅವನ ಕಿವಿಯಲ್ಲಿ ಏನೂ ಹೇಳಲಿಲ್ಲ, ಹೇಳಿಕೊಟ್ಟಂತಾದೀತು ಎಂದು ಅವಳಿಗೆ ಅಷ್ಟು ಹೆದರಿಕೆ. ಹಾಸಿಗೆಯ ಕಂಬಿ ಹಿಡಿದು ನಿಂತು ಬಂದಳು. ಮರುದಿನ ಅಪ್ಪ ಕಣ್ಣು ಬಿಟ್ಟ, ನನ್ನನ್ನು ನೋಡಿ ಊಟ ಆಯ್ತಾ ಅಂದ. ಅಷ್ಟು ಸಾಧಾರಣ ಮಾತಿಗೆ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮನಸ್ಸು ಹಗುರಾಗುವ ತನಕ ಅತ್ತೆ.

ವಾರ್ಡಿಗೆ ಮರಳಿದ ದಿನ ಅದೇ ಸಿಸ್ಟರ್ ಬಂದರು. ಅವರು ಬಾಗಿಲಲ್ಲಿ ಕಾಣಿಸಿದ್ದೇ ತಡ, ಅಮ್ಮ ಯಾರೂ ಹೇಳದೆ ಎದ್ದು ಹೊರಗೆ ಹೋದಳು. ಬಾಗಿಲಿಗೆ ಗಾಜು ಇತ್ತು. ಮುಖ ಕಂಡರೆ ಅದರಲ್ಲೇ ಉತ್ತರ ಸೋರಿಹೋದೀತು ಎಂದೋ ಏನೋ, ಬೆನ್ನು ತಿರುಗಿಸಿ ನಿಂತಳು. ಅಪ್ಪನ ಕಣ್ಣು ಅಭ್ಯಾಸಬಲದಿಂದ ಅವಳ ಕಡೆ ಹೋಯಿತು. ಅಲ್ಲಿ ಬರೀ ಅವಳ ಕೋಟಿನ ಬೆನ್ನು.

ವರ್ಷ, ತಿಂಗಳು, ಊರು, ಆಸ್ಪತ್ರೆ ಎಲ್ಲ ಸರಿ ಹೇಳಿದ. ಪೆನ್ನು ಪೆನ್ನಾಯಿತು, ಗಡಿಯಾರ ಗಡಿಯಾರವಾಯಿತು. ಸಿಸ್ಟರ್ ಟ್ರೇಯಿಂದ ಗುಂಡಿ ಎತ್ತಿದರು.

"ಗುಂಡಿ" ಅಂದ ಅಪ್ಪ. ಅದನ್ನು ಸಿಸ್ಟರ್ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದ. "ನಾಲ್ಕು ತೂತಿಂದು. ಅಂಗಿದಲ್ಲ, ಪ್ಯಾಂಟಿಂದು. ಅಂಚು ಒಡೆದಿದೆ, ಬಳಸ್ಬೇಡಿ."

ನೂರರಿಂದ ಹತ್ತರ ತನಕ ಮೆಟ್ಟಿಲಿಳಿದ ಹಾಗೆ ಸಲೀಸಾಗಿ ಇಳಿದ. ಕೊನೆಗೆ ಕಾಗದ. ಈ ಸಲ 'ನಾನು ಚೆನ್ನಾಗಿದ್ದೇನೆ' ಬರೆಯಲಿಲ್ಲ. ಬಾಗಿಲ ಕಡೆ ನೋಡಿ ನಿಧಾನವಾಗಿ, ಅಕ್ಷರ ಸ್ವಲ್ಪ ಅಲ್ಲಾಡಿದರೂ ಗೆರೆ ತಪ್ಪದೆ ಬರೆದ: 'ಅವಳ ಕೋಟಿನ ಹೆಗಲ ಹೊಲಿಗೆ ಬಿಟ್ಟಿದೆ, ನಾನು ಬಂದು ಹಾಕಿಕೊಡುತ್ತೇನೆ.'

ಸಿಸ್ಟರ್ ಬಾಗಿಲು ತೆಗೆದು ಅಮ್ಮನನ್ನು ಒಳಗೆ ಕರೆದರು. "ಹತ್ತಕ್ಕೆ ಹತ್ತು ಮೇಡಂ!"

ಅಮ್ಮ ಕಾಗದ ತೆಗೆದುಕೊಂಡು ಓದಿದಳು. ಕೈ ತಾನಾಗಿ ಹೆಗಲಿಗೆ ಹೋಗಿ ಬಿಟ್ಟ ಹೊಲಿಗೆಯನ್ನು ಹುಡುಕಿತು. ಆಮೇಲೆ ತಲೆಯೆತ್ತಿ ಸಿಸ್ಟರನ್ನು ನೋಡಿದಳು, ಅಪ್ಪನನ್ನು ನೋಡಿದಳು, ಕೊನೆಗೆ ಗೋಡೆಗೆ ಒರಗಿ ನಿಂತಿದ್ದ ನನ್ನನ್ನು ನೋಡಿದಳು. ಆ ನೋಟ ನನಗೆ ಒಂಬತ್ತನೇ ತರಗತಿಯಿಂದ ಗೊತ್ತು.

"ಸಿಸ್ಟರ್" ಅಂದಳು ಹದ್ದು ಮೇಡಂ, "ಇವಳು ಒಳಗೇ ಇದ್ಳು. ಇನ್ನೊಂದ್ಸಲ ಕೇಳಿ."

ಅಪ್ಪ ನಕ್ಕ. ಸಿಸ್ಟರ್ ನಮ್ಮಿಬ್ಬರಿಗೂ ಬಾಗಿಲು ತೋರಿಸಿದರು. ಹಿಂದೆ ಒಮ್ಮೆ ಈ ಅನುಮಾನಕ್ಕೆ ನಾನು ವರ್ಷವಿಡೀ ಅತ್ತಿದ್ದೆ. ಈ ಸಲ ಹತ್ತು ಸಲ ಬೇಕಾದರೂ ಕೇಳಲಿ ಎಂದು ಖುಷಿಯಾಗಿ ಹೊರಗೆ ಹೋದೆ, ಅಮ್ಮನ ಪಕ್ಕದಲ್ಲಿ ಗಾಜಿಗೆ ಬೆನ್ನು ಹಾಕಿ ನಿಂತೆ.